ಏನೂ ಆಗ್ದೇ ಇರೋ ಹಾರರ್ ಯಾಕೆ ಜಾಸ್ತಿ ಕಾಡತ್ತೆ?

ಕತ್ಲೆಕೋಣೆ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ತಲೇಲಿ ಕೊರೀತಿರೋ ಪ್ರಶ್ನೆ ಇದು, ಹಾರರ್ ಸಿನಿಮಾ ನೋಡೋರು ಗೇಮ್ ಆಡೋರು ಇಲ್ಲಿ ಜಾಸ್ತಿ ಇದೀರ ಅಂತ ಕೇಳ್ತಿದೀನಿ.

ಥಿಯೇಟರಲ್ಲಿ ಫ್ರೆಂಡ್ಸ್ ಜೊತೆ ನೋಡೋ ದೆವ್ವದ ಸಿನಿಮಾ ಗೊತ್ತಲ್ಲ, ಬಾತ್‌ರೂಮ್ ಕನ್ನಡಿ ಮುಚ್ಚಿದ ತಕ್ಷಣ ಹಿಂದೆ ಯಾರೋ ನಿಂತಿರ್ತಾರೆ, ಢಮಾರ್ ಅಂತ ಸೌಂಡು, ಇಡೀ ಹಾಲ್ ಕಿರುಚತ್ತೆ, ಮರುಕ್ಷಣ ಇಡೀ ಹಾಲ್ ನಗತ್ತೆ. ಪಾರ್ಕಿಂಗಿಂದ ಗಾಡಿ ಆಚೆ ತೆಗೆಯೋ ಅಷ್ಟರಲ್ಲಿ ಸಿನಿಮಾ ಮರೆತುಹೋಗಿರತ್ತೆ. ಅದು ತಪ್ಪು ಅಂತ ಹೇಳ್ತಿಲ್ಲ, ನಂಗೂ ಮಜಾನೇ.

ಆದ್ರೆ ಇನ್ನೊಂದು ಜಾತಿ ಇದೆ. ಕಿಯೋಶಿ ಕುರೊಸಾವಾ ಅನ್ನೋ ಜಪಾನಿ ಡೈರೆಕ್ಟರ್‌ದು (ಅಕಿರಾ ಅಲ್ಲ, ಅವರ ಸಂಬಂಧಿಕರೂ ಅಲ್ಲ) 2001ರ 'ಕೈರೋ' ಅಂತ ಸಿನಿಮಾ. ಅದ್ರಲ್ಲಿ ಒಬ್ಬ ಹುಡುಗ ಕೆಂಪು ಟೇಪ್ ಅಂಟಿಸಿರೋ ಬಾಗಿಲು ತೆಗೆದು ಒಂದು ರೂಮಿಗೆ ಹೋಗ್ತಾನೆ, ಆ ತುದೀಲಿ ಒಬ್ಳು ಹೆಂಗಸು ನಿಂತಿದಾಳೆ. ನಿಧಾನಕ್ಕೆ ಇವನ ಕಡೆ ನಡ್ಕೊಂಡು ಬರ್ತಾಳೆ. ಅಷ್ಟೇ. ಓಡಲ್ಲ, ಹಾರಲ್ಲ, ಮುಖ ವಿಕಾರ ಮಾಡಲ್ಲ. ಅರ್ಧ ದಾರೀಲಿ ಒಂದು ಸಲ ಕಾಲು ಸೋತು ಮುಗ್ಗರಿಸಿ ಪೂರ್ತಿ ಬಾಗ್ತಾಳೆ, ಇನ್ನೇನು ಬಿದ್ಲು ಅನ್ನೋವಾಗ ಮತ್ತೆ ಎದ್ದು ಅದೇ ಸ್ಪೀಡಲ್ಲಿ ನಡೀತಾಳೆ. ಆ ಮುಗ್ಗರಿಸೋದು ನೋಡಿ ನಂಗೆ ಬೆನ್ನಲ್ಲಿ ಏನೋ ಹರಿದಂಗಾಯ್ತು ಮತ್ತೆ ಇವತ್ತಿಗೂ ಅದನ್ನ ಟೈಪ್ ಮಾಡೋವಾಗ ಆಗ್ತಿದೆ. ಅವಳು ಏನೂ ಮಾಡಿಲ್ವಲ್ಲ? ಬರೀ ಕಾಲು ಜಾರಿದ್ದಕ್ಕೆ ಇಷ್ಟು ಭಯ ಯಾಕೆ?

ಸೋ ನನ್ನ ಪ್ರಶ್ನೆ ಎರಡು. ಈ ಥರ ಮೆತ್ತಗೆ ಬಂದು ಕೂರೋ ಭಯ ಹೇಗೆ ಕೆಲ್ಸ ಮಾಡತ್ತೆ? ಮತ್ತೆ ಗೊತ್ತಿದ್ದೂ ಗೊತ್ತಿದ್ದೂ ನಾವ್ಯಾಕೆ ಅದನ್ನ ಹುಡ್ಕೊಂಡು ಹೋಗ್ತೀವಿ? "ಅಡ್ರಿನಲಿನ್ ಬ್ರೋ" ಅಂತ ಒಂದೇ ಲೈನಲ್ಲಿ ಮುಗಿಸ್ಬೇಡಿ ದಯವಿಟ್ಟು, ಇದ್ರಲ್ಲಿ ನಂಗೆ ಎದೆ ಬಡ್ಕೊಳೋದೇ ಇಲ್ಲ, ಅದಕ್ಕೇ ಕೇಳ್ತಿರೋದು.

ಡೆಸಿಬಲ್ ದಾಸ

ಸೌಂಡ್ ಮಿಕ್ಸಿಂಗ್ ನನ್ನ ಹೊಟ್ಟೆಪಾಡು, ಅದೇ ಕಡೆಯಿಂದ ಹೇಳ್ತೀನಿ.

ಜಂಪ್ ಸ್ಕೇರ್ (ಢಮಾರ್ ಅಂತ ಒಂದೇ ಸಲ ಬೆಚ್ಚಿಬೀಳಿಸೋದು) ಅನ್ನೋದು ಕಥೆಗೆ ಸಂಬಂಧವೇ ಇಲ್ಲದ ಸಂಗತಿ. ಹತ್ತು ಹದಿನೈದು ಸೆಕೆಂಡ್ ಸೌಂಡ್ ಇಳಿಸ್ಕೊಂಡು ಬಂದು ಒಂದೇ ಸಲ ಎತ್ತಿದ್ರೆ ಯಾರ ಮೈ ಬೇಕಾದ್ರೂ ಬೆಚ್ಚತ್ತೆ, ಕೂಸಿನ ಮೈಯೂ ಬೆಚ್ಚತ್ತೆ, ಅಲ್ಲಿ ದೆವ್ವದ ಬದ್ಲು ಬೆಕ್ಕು ಹಾರಿದ್ರೂ ನಡಿಯತ್ತೆ. ಮೈ ಬೆಚ್ಚಿದ್ಮೇಲೆ ಲೆಕ್ಕ ಚುಕ್ತಾ. ಅದಕ್ಕೇ ನಗು ಬರೋದು.

ನೀವು ಹೇಳ್ತಿರೋದ್ರಲ್ಲಿ ಆ ಲೆಕ್ಕ ಚುಕ್ತಾ ಮಾಡಲ್ಲ. ಟೆನ್ಷನ್ ಏರಿಸ್ತಾರೆ, ಇಳಿಸೋಕೆ ಜಾಗ ಕೊಡಲ್ಲ. ಅದನ್ನ ಮಾಡೋದು ಜಾಸ್ತಿ ಸದ್ದು ಸೇರ್ಸಿ ಅಲ್ಲ, ಇರೋದನ್ನ ತೆಗೆದು. ಒಂದು ಉದಾಹರಣೆ ಕೊಡ್ತೀನಿ ನೋಡಿ. ಪ್ರತಿ ಲೊಕೇಶನ್ನಲ್ಲೂ ಶಾಟ್ ಮುಗಿದ್ಮೇಲೆ ಎಲ್ರನ್ನೂ ಸುಮ್ನೆ ನಿಲ್ಸಿ ಅರ್ಧ ನಿಮಿಷ ಆ ರೂಮಿನ ಖಾಲಿ ಸದ್ದನ್ನೇ ರೆಕಾರ್ಡ್ ಮಾಡ್ಕೋತೀವಿ, ರೂಮ್ ಟೋನ್ ಅಂತೀವಿ. ಫ್ಯಾನಿನ ಗುಂಯ್, ಫ್ರಿಡ್ಜು, ದೂರದ ರಸ್ತೆ ಎಲ್ಲ ಅದ್ರಲ್ಲಿರತ್ತೆ. ಸೀನ್ ಪೂರ್ತಿ ಅದನ್ನ ಕೆಳಗಡೆ ಓಡಿಸ್ತೀವಿ, ಯಾರ ಕಿವಿಗೂ ಅದು ಇದೆ ಅಂತ ಗೊತ್ತಾಗಲ್ಲ. ಈಗ ಪಾತ್ರ ಅಡುಗೆಮನೆಗೆ ಹೋಗ್ತಿರೋವಾಗ ಆ ಫ್ಯಾನ್ ಸದ್ದನ್ನ ಒಂದು ನಾಲ್ಕು ಸೆಕೆಂಡಲ್ಲಿ ಮೆಲ್ಲಗೆ ತೆಗೆದುಬಿಡಿ. ಸ್ಕ್ರೀನ್ ಮೇಲೆ ಏನೂ ಬದ್ಲಾಗಿಲ್ಲ. ನೋಡೋನು ಸೀಟಲ್ಲಿ ನೆಟ್ಟಗೆ ಕೂರ್ತಾನೆ, ಯಾಕೆ ಅಂತ ಕೇಳಿದ್ರೆ ಅವನಿಗೇ ಹೇಳೋಕಾಗಲ್ಲ.

ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ರಾಬರ್ಟ್ ವೈಸ್‌ದು 1963ರ 'ದಿ ಹಾಂಟಿಂಗ್' ಇದ್ಯಲ್ಲ, ಇಡೀ ಸಿನಿಮಾದಲ್ಲಿ ಒಂದೇ ಒಂದು ದೆವ್ವ ತೋರ್ಸಲ್ಲ. ಗೋಡೆ ಆಚೆ ಗುದ್ದೋ ಸದ್ದು, ಮರದ ಬಾಗಿಲು ಉಸಿರಾಡೋ ಥರ ಒಳಗಡೆ ಉಬ್ಬತ್ತೆ, ಅಷ್ಟೇ. ಅದೇ ವರ್ಷ ಹಿಚ್‌ಕಾಕ್ ಹಕ್ಕಿಗಳ ಸಿನಿಮಾ ಮಾಡಿದ್ರು, ಅದ್ರಲ್ಲಿ ಮಾಮೂಲಿ ಹಿನ್ನೆಲೆ ಸಂಗೀತನೇ ಇಲ್ಲ, ಹಕ್ಕಿ ಸದ್ದು ಮತ್ತೆ ಮಧ್ಯ ಮಧ್ಯ ಬರೀ ನಿಶ್ಶಬ್ದ. ಸಂಗೀತ ಇದ್ರೆ ಈಗ ಹೆದ್ರು ಈಗ ಆರಾಮಾಗಿರು ಅಂತ ಅದೇ ಹೇಳ್ಕೊಡತ್ತೆ, ಇಲ್ದೇ ಹೋದ್ರೆ ನೀವೇ ಕಾವಲು ಕಾಯ್ಬೇಕು.

ಇನ್ನೊಂದು ಮಜಾ ವಿಷ್ಯ. ಇಂಗ್ಲೆಂಡಿನ ಕವೆಂಟ್ರೀಲಿ ವಿಕ್ ಟ್ಯಾಂಡಿ ಅಂತ ಒಬ್ರು ಎಂಜಿನಿಯರ್, ಅವರ ಲ್ಯಾಬಲ್ಲಿ ದೆವ್ವ ಇದೆ ಅಂತ ಜನ ಮಾತಾಡ್ತಿದ್ರಂತೆ. ಅವ್ರಿಗೂ ಒಂದಿನ ಕಣ್ಣಂಚಲ್ಲಿ ಬೂದು ಬಣ್ಣದ್ದೇನೋ ಕಾಣಿಸ್ತು, ತಿರುಗಿ ನೋಡಿದ್ರೆ ಇಲ್ಲ. ಕತ್ತಿವರಸೆ ಹವ್ಯಾಸ ಇತ್ತು ಅವ್ರಿಗೆ, ಮಾರನೇ ದಿನ ಕತ್ತಿ ರಿಪೇರಿ ಮಾಡೋಕೆ ಅಂತ ವೈಸಿಗೆ (ವರ್ಕ್‌ಶಾಪಲ್ಲಿ ವಸ್ತು ಬಿಗಿಯಾಗಿ ಹಿಡಿಯೋ ಇಕ್ಕಳ) ಸಿಕ್ಕಿಸಿದ್ರೆ ಬ್ಲೇಡು ತನ್ನಷ್ಟಕ್ಕೆ ಅದುರೋಕೆ ಶುರು. ಹುಡುಕ್ತಾ ಹೋದ್ರೆ ಹೊಸದಾಗಿ ಹಾಕಿಸಿದ್ದ ಎಕ್ಸಾಸ್ಟ್ ಫ್ಯಾನು ಸುಮಾರು 19 ಹರ್ಟ್ಸ್ ಕಂಪನ ಮಾಡ್ತಿತ್ತು, ಕಿವಿಗೆ ಕೇಳ್ಸಲ್ಲ. ಅದನ್ನ ಸರಿಮಾಡಿದ್ಮೇಲೆ ಕಾಟ ನಿಂತುಹೋಯ್ತು. 1998ರಲ್ಲಿ ಅದನ್ನ ಪೇಪರ್ ಮಾಡಿ ಬರೆದ್ರು. ಎಲ್ಲ ದೆವ್ವಕ್ಕೂ ಇದೇ ಕಾರಣ ಅಂತ ಹಿಡ್ಕೊಂಡು ಕೂರ್ಬೇಡಿ, ಎಲ್ರೂ ಒಪ್ಪಿರೋ ಮಾತಲ್ಲ ಅದು. ಆದ್ರೆ ಹಾರರ್ ಮಿಕ್ಸ್ ಮಾಡೋರು ಕೆಳಗಿನ ಫ್ರೀಕ್ವೆನ್ಸಿ ಮೇಲೆ ಅಷ್ಟು ಪ್ರೀತಿ ಇಟ್ಕೊಂಡಿರೋದು ಸುಮ್ನೆ ಅಲ್ಲ. ಮೊಬೈಲ್ ಸ್ಪೀಕರಲ್ಲಿ ಹಾರರ್ ನೋಡಿ ಚೆನ್ನಾಗಿಲ್ಲ ಅಂತ ರೇಟಿಂಗ್ ಕೊಡೋರಿಗೆ ನನ್ನ ಶಾಪ ಇದೆ.

ಜಾಯ್‌ಸ್ಟಿಕ್ ಜಂಗಮ

ಡೆಸಿಬಲ್ ಸರ್ ಹೇಳಿದ್ದು ಸಿನಿಮಾಗೆ ಕರೆಕ್ಟು. ಗೇಮಲ್ಲಿ ಇನ್ನೊಂದು ಲೆವೆಲ್ ಇದೆ ಗುರು. ಸಿನಿಮಾದಲ್ಲಿ ಕಣ್ಮುಚ್ಕೊಂಡ್ರೂ ಅವಳು ನಡ್ಕೊಂಡು ಬಂದು ಸೀನ್ ಮುಗ್ದೋಗತ್ತೆ. ಗೇಮಲ್ಲಿ ಅವಳು ಬರಲ್ಲ, ನೀನೇ ಅವಳತ್ರ ಹೋಗ್ಬೇಕು, ನಿನ್ನ ಹೆಬ್ಬೆರಳೇ ಸ್ಟಿಕ್ ಮುಂದಕ್ಕೆ ತಳ್ಬೇಕು. ತಳ್ದೇ ಇದ್ರೆ ಏನೂ ಆಗಲ್ಲ, ರಾತ್ರಿಯಿಡೀ ಹಂಗೇ ನಿಂತಿರ್ಬಹುದು. ಇದು ಕ್ರೂರ.

ಪಿ.ಟಿ. ಅನ್ನೋ ಹಾರರ್ ಗೇಮ್ ಆಡಿದೋರು ಯಾರಿದೀರ ಇಲ್ಲಿ? ಆಗಸ್ಟ್ 2014ರಲ್ಲಿ ಪಿಎಸ್4ಗೆ (ಪ್ಲೇಸ್ಟೇಷನ್ 4) ಫ್ರೀ ಬಿಟ್ಟಿದ್ರು, ಯಾರದೋ ಹೊಸ ಸ್ಟುಡಿಯೋ ಅಂತ ಹೆಸ್ರು ಹಾಕಿ, ಪೂರ್ತಿ ಆಡಿ ಮುಗಿಸಿದ್ಮೇಲೆ ಗೊತ್ತಾಗಿದ್ದು ಅದು ಜಪಾನಿ ಗೇಮ್ ಡೈರೆಕ್ಟರ್ ಕೊಜಿಮಾ ಮಾಡ್ತಿದ್ದ ಸೈಲೆಂಟ್ ಹಿಲ್ಸ್ ಅನ್ನೋ ಗೇಮಿನ ಟೀಸರ್ ಅಂತ. ಗೇಮಲ್ಲಿ ಇರೋದು ಏನು? ಒಂದು ಮನೆ, ಎಲ್ ಶೇಪಿನ ಒಂದು ಪ್ಯಾಸೇಜು. ಆ ತುದಿ ಬಾಗಿಲು ತೆಗೆದು ಆಚೆ ಹೋದ್ರೆ ಮತ್ತೆ ಅದೇ ಪ್ಯಾಸೇಜಿನ ಈ ತುದಿ. ಗಡಿಯಾರ 23:59ಕ್ಕೇ ನಿಂತಿದೆ. ರೇಡಿಯೋದಲ್ಲಿ ಹೆಂಡ್ತಿ ಮಕ್ಳನ್ನ ಕೊಂದೋನ ಸುದ್ದಿ ಓದ್ತಿದಾರೆ. ಮೊದಲೆರಡು ಸುತ್ತಲ್ಲಿ ಏನಂದ್ರೆ ಏನೂ ಆಗಲ್ಲ! ಆದ್ರೆ ಮೂರನೇ ಸಲಕ್ಕೆ ಆ ಮನೆ ನಿಂಗೆ ಬಾಯಿಪಾಠ ಆಗಿರತ್ತೆ, ಫೋಟೋ ಎಲ್ಲಿದೆ, ಫೋನ್ ಎಲ್ಲಿದೆ, ಸಿಗರೇಟ್ ಬೂದಿ ಎಲ್ಲಿದೆ. ಬಾಯಿಪಾಠ ಆದ್ಮೇಲೆ ಅವ್ರು ಒಂದೊಂದೇ ಬದ್ಲಾಯಿಸ್ತಾರೆ. ಲೈಟು ಅಲ್ಲಾಡತ್ತೆ. ಬಾತ್‌ರೂಮ್ ಬಾಗಿಲು ಒಂದಿಂಚು ತೆಗ್ದಿರತ್ತೆ. ಮೂಲೆ ತಿರುಗೋದು ಅಂದ್ರೆ ಪ್ರಾಣ ಹೋದಂಗೆ.

ಇನ್ನೂ ಒಂದಿದೆ. 2019ರಲ್ಲಿ ಒಬ್ಬ ಮಾಡರ್ (ಗೇಮ್ ಬಿಚ್ಚಿ ಬದ್ಲಾಯಿಸೋನು) ಗೇಮಿನ ಕ್ಯಾಮೆರಾನ ಬಿಡಿಸಿ ಹಿಂದಕ್ಕೆ ತಿರುಗ್ಸಿ ನೋಡಿದ್ರೆ, ಟಾರ್ಚ್ ಸಿಕ್ಕ ಕ್ಷಣದಿಂದ ಆ ಮನೇಲಿರೋ ಹೆಣ್ಣು ದೆವ್ವದ ಮಾಡೆಲ್ ಆಟಗಾರನ ಬೆನ್ನಿಗೇ ಅಂಟ್ಕೊಂಡಿರತ್ತೆ. ನಾವು ತಿರುಗಿದಾಗೆಲ್ಲ ಅದೂ ತಿರುಗತ್ತೆ, ಕಾಣ್ಸಲ್ಲ. ನಾವು ಆಡಿದೋರೆಲ್ಲ "ಹಿಂದೆ ಯಾರೋ ಇದ್ದಂಗಿತ್ತು ಕಣೋ" ಅಂತಿದ್ವಲ್ಲ, ಇದ್ಲು! 2015 ಏಪ್ರಿಲಲ್ಲಿ ಗೇಮ್ ಕ್ಯಾನ್ಸಲ್ ಆಗಿ ಸ್ಟೋರಿಂದಾನೂ ಎತ್ತಾಕಿದ್ರು, ಡಿಲೀಟ್ ಮಾಡಿದೋರಿಗೆ ವಾಪಸ್ ಸಿಗಲ್ಲ, ಆಮೇಲೆ ಜನ ಅದು ಇನ್‌ಸ್ಟಾಲ್ ಆಗಿರೋ ಕನ್ಸೋಲನ್ನೇ ಬಾಯಿಗ್ ಬಂದ ರೇಟಿಗೆ ಮಾರಿದ್ರು.

ಹಳೇ ಸೈಲೆಂಟ್ ಹಿಲ್ಲಿನ ಮಂಜು ಬಗ್ಗೆನೂ ಹೇಳ್ಬೇಕು. 1999, ಪಿಎಸ್1. ಆ ಮಿಷಿನ್ನಿಗೆ ದೂರದ ರಸ್ತೆ ಬಿಲ್ಡಿಂಗ್ ಎಲ್ಲ ಒಟ್ಟಿಗೆ ಡ್ರಾ ಮಾಡೋ ತಾಕತ್ತಿರ್ಲಿಲ್ಲ, ಅದನ್ನ ಮುಚ್ಚೋಕೆ ಮಂಜು ಹಾಕಿದ್ರು. ಆ ಮಂಜೇ ಗೇಮ್ ಆಗೋಯ್ತು. ಜೇಬಲ್ಲಿರೋ ರೇಡಿಯೋ ಪ್ರಾಣಿ ಹತ್ರ ಬಂದ್ರೆ ಕರ್‌ರ್ ಅನ್ನತ್ತೆ, ಎಷ್ಟು ಹತ್ರ ಗೊತ್ತಾಗಲ್ಲ, ಯಾವ ಕಡೆ ಗೊತ್ತಾಗಲ್ಲ. ಮಾಹಿತಿ ಕೊಟ್ಟಂಗೂ ಆಯ್ತು ಕೊಡದಂಗೂ ಆಯ್ತು. 2001ರ ಎರಡನೇ ಪಾರ್ಟ್ ಶುರುವಾಗೋದು ಕಾಡುದಾರೀಲಿ ಒಂದು ಉದ್ದದ ನಡಿಗೆಯಿಂದ, ಒಂದು ಪ್ರಾಣಿನೂ ಬರಲ್ಲ, ಬರೀ ನಿನ್ನ ಹೆಜ್ಜೆ ಸದ್ದು. ಈಗಿನ ಗೇಮಾಗಿದ್ರೆ ಅಷ್ಟೊತ್ತಿಗೆ ನಿಂಗೆ ಮೂರು ಗನ್ ಕೊಟ್ಟು ಮ್ಯಾಪಲ್ಲಿ ಬಾಣದ ಗುರುತು ಹಾಕಿರ್ತಿದ್ರು.

ಧಾರವಾಡಿ_ಫೇಡಾ

ಎಲ್ಲಾರೂ ಹಿಂಗ ಹೊಗಳ್ಕೋತ ಕುಂತ್ರ ಹೆಂಗ್ರಿ, ಒಬ್ಬರರ ವಿರೋಧ ಪಕ್ಷದಾಗ ಇರ್ಬೇಕಲ್ಲ, ನಾ ಇರ್ತೀನಿ.

ನೀವು ಹೇಳೂ ಸಿನಿಮಾದಾಗ ಅರ್ಧಕ್ಕರ್ಧ ಬರೇ ನಿದ್ದಿ ಬರೂವು. ಮೊನ್ನೆ ಒಬ್ಬ ದೋಸ್ತ ಭಾರೀ ಐತಿ ನೋಡಲೇ ಅಂತ 'ಸ್ಕಿನಮರಿಂಕ್' ಹಚ್ಚಿ ಕೊಟ್ಟ. 2022ರದ್ದು. ಏನೈತ್ರಿ ಅದ್ರಾಗ? ಮಾಳಿಗಿ ಮೂಲಿ ತೋರಸ್ತಾನ, ಕಾರ್ಪೆಟ್ ತೋರಸ್ತಾನ, ಆಟಗಿ ಸಾಮಾನು ತೋರಸ್ತಾನ, ಟಿವಿಯಾಗ ಹಳೇ ಕಾರ್ಟೂನು ಓಡ್ತೈತಿ. ಹುಡುಗರ ಮಾರಿ ಸೈತ ನೆಟ್ಟಗ ಕಾಣಂಗಿಲ್ಲ. ಬರೇ 15 ಸಾವಿರ ಡಾಲರಿನ್ಯಾಗ ಡೈರೆಕ್ಟರ್ ತನ್ನ ಸಣ್ಣಂದಿನ ಮನಿಯಾಗ ಶೂಟಿಂಗ್ ಮಾಡ್ಯಾನಂತ, ಅದು ಮೆಚ್ಚೂ ಮಾತ ಬಿಡ್ರಿ, ಆದ್ರ ರೊಕ್ಕ ಕಡಿಮಿ ಖರ್ಚು ಮಾಡ್ಯಾನ ಅಂತ ನನ್ನ ಟೈಮ್ ತಿನ್ನಾಕ ಪರ್ಮಿಷನ್ ಸಿಕ್ಕಂಗಲ್ಲ.

ನನಗ ಅನ್ಸೂದು, ಏನೂ ತೋರ್ಸದ ಇರೂದು ಸುಲಭದ ಹಾದಿ. ದೆವ್ವ ಚಂದಂಗ ಮಾಡಾಕ ಬರಲಿಲ್ಲ ಅಂದ್ರ ಕತ್ಲಿ ಮಾಡಿ ಬಿಟ್ರಾತು, ನೋಡಾವ ತಾನ ಏನರ ಕಲ್ಪನಾ ಮಾಡ್ಕೋತಾನ, ಕ್ರೆಡಿಟ್ ಮಾತ್ರ ಡೈರೆಕ್ಟರಗ. ಥೇಟರಿನ್ಯಾಗ ನೂರು ಮಂದಿ ಕೂಡಿ ಚೀರೂದು ಐತಲ್ಲ, ಅದರಾಗ ಒಂದು ಜಾತ್ರಿ ಖುಷಿ ಐತಿ. ಅದನ್ನ ಕೀಳು ಅನ್ನಬ್ಯಾಡ್ರಿ.

ಕತ್ಲೆಕೋಣೆ

ಫೇಡಾ ಅವ್ರೆ, ಕೀಳು ಅಂತ ಎಲ್ಲಿ ಅಂದೆ, ಮಜಾ ಅಂತಾನೇ ಬರ್ದಿದೀನಲ್ಲ ಮೇಲೆ. ಸ್ಕಿನಮರಿಂಕ್ ನಂಗೂ ಪೂರ್ತಿ ಹಿಡಿಸ್ಲಿಲ್ಲ, ಒಂದು ಗಂಟೆಗೆ ಮುಗಿಸ್ಬೇಕಿತ್ತು. ಆದ್ರೆ ಅದ್ರ ಕ್ಯಾಮೆರಾ ಇರೋದು ಎಲ್ಲಿ ನೋಡಿ, ನಾಲ್ಕು ವರ್ಷದ ಮಗು ರಾತ್ರಿ ಎಚ್ಚರ ಆಗಿ ಮಲಗಿದಲ್ಲಿಂದ್ಲೇ ನೋಡಿದ್ರೆ ಏನು ಕಾಣತ್ತೋ ಅದೇ, ಬಾಗಿಲ ಮೇಲಿನ ತುದಿ, ಮಂಚದ ಕೆಳಗೆ. "ಏನೂ ತೋರ್ಸದೇ ಇರೋದು ಸುಲಭ" ಅನ್ನೋದು ಒಪ್ಪಲ್ಲ ನಾನು. ಎಲ್ಲಿ ತೋರ್ಸಲ್ಲ ಅನ್ನೋದನ್ನ ಆರಿಸ್ಬೇಕಲ್ಲ. ಕೈರೋದಲ್ಲಿ ಆ ಹೆಂಗಸನ್ನ ಪೂರ್ತಿ ತೋರಿಸ್ತಾರೆ, ತಲೆಯಿಂದ ಕಾಲವರೆಗೂ, ಏನೂ ಬಚ್ಚಿಟ್ಟಿಲ್ಲ. ಬಚ್ಚಿಟ್ಟಿರೋದು ಕಾರಣ ಮಾತ್ರ.

ಕಡಲತಡಿ

ಕಾರಣ ಬಚ್ಚಿಡುವುದು ಅಂತ ಹೇಳಿದ್ರಲ್ಲ, ಅದೇ ಪಾಯಿಂಟ್ ಮಾರಾಯ್ರೆ. ನಮ್ಮ ಸಿನಿಮಾದವರಿಗೆ ಆಗದೇ ಇರುವುದು ಅದೊಂದೇ.

ಪವನ್ ಕುಮಾರ್‌ದು 'ಯು ಟರ್ನ್', 2016, ನೋಡಿದ್ದೀರಲ್ಲ? ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್, ಮಧ್ಯದ ಕಲ್ಲು ಸರಿಸಿ ಶಾರ್ಟ್‌ಕಟ್ ಹೊಡೆಯುವವರು, ಬದಿಯಲ್ಲಿ ಕೂತು ಅವರ ಗಾಡಿ ನಂಬರ್ ಬರ್ಕೊಳ್ಳುವ ಒಬ್ಬ. ಆ ನಂಬರಿನವರೆಲ್ಲ ಅದೇ ದಿನ ಸಾಯ್ತಾರೆ. ಎಷ್ಟು ಒಳ್ಳೆ ಐಡಿಯಾ ನೋಡಿ, ದಿನಾ ನಾವೇ ಮಾಡುವ ಸಣ್ಣ ಕಳ್ಳತನ ಅದು. ಫಸ್ಟ್ ಹಾಫ್ ನಾನು ಉಸಿರು ಹಿಡ್ಕೊಂಡು ನೋಡಿದ್ದೇನೆ. ಮತ್ತೆ ಸೆಕೆಂಡ್ ಹಾಫಲ್ಲಿ ಯಾರು, ಯಾಕೆ, ಹೇಗೆ ಸತ್ತದ್ದು ಎಲ್ಲ ಬಂತು. ಫ್ಲ್ಯಾಶ್‌ಬ್ಯಾಕ್ ಶುರುವಾದ ಕೂಡ್ಲೇ ದೆವ್ವಕ್ಕೆ ಆಧಾರ್ ಕಾರ್ಡ್ ಕೊಟ್ಟ ಹಾಗೆ ಆಗ್ತದೆ, ಮತ್ತೆ ಅದು ನಮ್ಮ ನಿಮ್ಮ ಹಾಗೆ ಒಬ್ಬ ಪ್ರಜೆ, ಪಾಪ ಅನ್ನಿಸ್ತದೆ, ಹೆದ್ರಿಕೆ ಎಲ್ಲಿಂದ? ಸಿನಿಮಾ ಒಳ್ಳೆದೇ, ಅದು ಬೇರೆ ಮಾತು. ಆಪ್ತಮಿತ್ರದಲ್ಲೂ ಅಷ್ಟೆ, ನನಗೆ ಭಯ ಆದದ್ದು ಬೀಗ ಹಾಕಿದ ಕೋಣೆ ಮತ್ತು ರಾತ್ರಿ ಗೆಜ್ಜೆ ಸದ್ದಿಗೆ, ಕೊನೆಯ ಡ್ಯಾನ್ಸಿಗೆ ಅಲ್ಲ.

ಊರಿನ ಕಥೆಗಳಲ್ಲಿ ಈ ವಿವರಣೆ ಇರ್ಲೇ ಇಲ್ಲ ಅಲ್ವಾ. ನಮ್ಮ ಅಜ್ಜಿ ಕತ್ತಲಾದ ಮೇಲೆ ಹೆಸರೇ ಹೇಳ್ತಿರ್ಲಿಲ್ಲ, "ಅದು" ಅಂತ ಮಾತ್ರ. ರಾತ್ರಿ ಯಾರಾದ್ರೂ ಹೊರಗಿಂದ ಕರೆದ್ರೆ ಮೂರು ಸಲ ಕರೆಯುವವರೆಗೆ ಓ ಅನ್ಬಾರ್ದು ಅಂತ. ಯಾಕೆ ಅಜ್ಜಿ ಅಂತ ಕೇಳಿದ್ರೆ "ಅನ್ಬಾರ್ದು, ಉಣ್ಣು ಸುಮ್ನೆ". ಮುಗೀತು! 90ರ ದಶಕದಲ್ಲಿ ಬೆಂಗಳೂರಲ್ಲಿ ಮನೆ ಬಾಗಿಲಿಗೆಲ್ಲ "ನಾಳೆ ಬಾ" ಅಂತ ಬರೆದಿದ್ರಲ್ಲ, ಅದ್ರಲ್ಲಿ ಹೆದರಿಸುವ ಸಂಗತಿ ದೆವ್ವ ಅಲ್ಲ, ಅದು ನಮ್ಮ ಮನೆಯವರದ್ದೇ ಸ್ವರದಲ್ಲಿ ಕರೀತದೆ ಅನ್ನುವುದು. ಒಂದ್ಸಲ ಅದು ತಲೆಗೆ ಹೋದ್ರೆ ಮತ್ತೆ ಅಮ್ಮ ನಿಜವಾಗಿ ಬಾಗಿಲು ತಟ್ಟಿದ್ರೂ ಒಂದು ಕ್ಷಣ ಯೋಚನೆ ಬರ್ತದೆ.

(ಇಲ್ಲಿ ಯಾರೂ ನಮ್ಮ ದೈವಗಳನ್ನು ಈ ಲಿಸ್ಟಿಗೆ ಸೇರಿಸ್ಬೇಡಿ ಆಯ್ತಾ. ಅದು ಹಾರರ್ ಅಲ್ಲ, ಅದಕ್ಕೆ ನಾವು ಕೈ ಮುಗಿಯುವುದು.)

ಪಕ್ಕದ ಮಲಯಾಳದವರು ಇದನ್ನು ಚಂದ ಮಾಡ್ತಿದ್ದಾರೆ. ರಾಹುಲ್ ಸದಾಶಿವನ್ ಅವರ 'ಭೂತಕಾಲಂ' 2022ರದ್ದು. ತಾಯಿ, ಮಗ, ಒಂದು ಬಾಡಿಗೆ ಮನೆ. ರೇವತಿ ತಾಯಿ. ಇಬ್ಬರಿಗೂ ಮನಸ್ಸು ಸರಿ ಇಲ್ಲ, ನಿದ್ದೆ ಇಲ್ಲ, ಮಗನಿಗೆ ಕೆಲಸವೂ ಇಲ್ಲ. ಮನೆಯಲ್ಲಿ ಏನಾದ್ರೂ ಉಂಟಾ ಇಲ್ಲ ಇವರಿಗೇ ಹಾಗೆ ಕಾಣುವುದಾ ಅಂತ ತುಂಬ ಹೊತ್ತು ಹೇಳುವುದೇ ಇಲ್ಲ. ಅಡ್ವಾನ್ಸ್ ವಾಪಸ್ ಸಿಗದ ಭಯಕ್ಕೆ ಮನೆ ಬಿಡ್ಲಿಕ್ಕೂ ಆಗದ ಬಾಡಿಗೆದಾರರಿಗೆ ಅದು ಎರಡು ಪಟ್ಟು ಹೆದರಿಕೆ ಬಿಡಿ.

ಮಲ್ಲಿಗೆ ಓದುಗಿ

ಇಷ್ಟೊತ್ತು ಬರೀ ಓದ್ತಿದ್ದೆ. ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ವಲ್ಲ, ಯಾಕೆ ಹುಡ್ಕೊಂಡು ಹೋಗ್ತೀವಿ ಅಂತ.

ನನ್ನ ಮಟ್ಟಿಗೆ ಇದು ಭಯಕ್ಕಿಂತ ದುಃಖದ ಪಕ್ಕದ ಮನೆ. 'ಲೇಕ್ ಮಂಗೋ' ಅಂತ ಒಂದು ಆಸ್ಟ್ರೇಲಿಯಾ ಸಿನಿಮಾ ಇದೆ, 2008ರದ್ದು, ಜೋಯಲ್ ಆಂಡರ್ಸನ್ ಮಾಡಿದ್ದು. (ಮುಂದೆ ಕಥೆ ಹೇಳ್ತೀನಿ, ನೋಡ್ಬೇಕು ಅಂತಿರೋರು ಈ ಪ್ಯಾರಾ ಬಿಟ್ಬಿಡಿ.) ಡಾಕ್ಯುಮೆಂಟರಿ ಥರ ಇದೆ, ಆಲಿಸ್ ಅಂತ ಹದಿನಾರು ವರ್ಷದ ಹುಡುಗಿ ನೀರಲ್ಲಿ ಮುಳುಗಿ ಸತ್ತಿದಾಳೆ, ಅಪ್ಪ ಅಮ್ಮ ತಮ್ಮ ಕ್ಯಾಮೆರಾ ಮುಂದೆ ಕೂತು ಮಾತಾಡ್ತಾರೆ. ಡೈಲಾಗ್ ಬರ್ದು ಕೊಟ್ಟಿರ್ಲಿಲ್ಲ, ನಟರು ಅಲ್ಲೇ ಹೊಳೆದಂಗೆ ಮಾತಾಡಿದ್ದು, ಅದಕ್ಕೇ ಆ ತಡವರಿಸೋದೆಲ್ಲ ಅಷ್ಟು ನಿಜ ಅನ್ಸತ್ತೆ. ಮನೆ ಫೋಟೋಗಳಲ್ಲಿ ಅವಳು ಕಾಣಿಸ್ಕೋತಾಳೆ. ಆಮೇಲೆ ನೋಡಿದ್ರೆ ತಮ್ಮನೇ ಫೋಟೋ ತಿದ್ದಿರ್ತಾನೆ. ಹಾರರ್ ಸಿನಿಮಾ ತಾನೇ ತನ್ನ ದೆವ್ವನ ಸುಳ್ಳು ಅಂತ ಒಪ್ಕೊಂಡ್ಬಿಡತ್ತೆ! ನಾವು ಉಸ್ಸಪ್ಪಾ ಅನ್ನೋವಾಗ ಆಲಿಸ್ ಮಣ್ಣಲ್ಲಿ ಹೂತಿಟ್ಟ ಮೊಬೈಲ್ ಸಿಗತ್ತೆ. ಅದ್ರಲ್ಲಿ ಕತ್ತಲಲ್ಲಿ ಯಾರೋ ಅವಳ ಕಡೆ ನಡ್ಕೊಂಡು ಬರ್ತಿದಾರೆ, ಪಿಕ್ಸೆಲ್ ಪಿಕ್ಸೆಲ್ ಆಗಿ, ಹತ್ರ ಬಂದಾಗ ಗೊತ್ತಾಗತ್ತೆ ಅದು ಅವಳದ್ದೇ ಮುಖ, ನೀರಲ್ಲಿ ಊದ್ಕೊಂಡಿರೋದು. ಅಂದ್ರೆ ಹುಡುಗಿಗೆ ಮೊದ್ಲೇ ಗೊತ್ತಿತ್ತು, ಯಾರಿಗೂ ಹೇಳ್ಲಿಲ್ಲ, ಹೇಳಿದ್ರೆ ಕೇಳೋರೂ ಇರ್ಲಿಲ್ಲ. ಕೊನೇಲಿ ಮನೆಯವರೆಲ್ಲ ಸಮಾಧಾನ ಆಗಿ ಮನೆ ಖಾಲಿ ಮಾಡಿ ಹೋಗ್ತಾರೆ, ಟೈಟಲ್ಸ್ ಬರೋವಾಗ ಹಳೇ ಶಾಟ್‌ಗಳನ್ನೇ ಮತ್ತೆ ತೋರಿಸ್ತಾರೆ, ನಾವು ನೋಡ್ದೇ ಇದ್ದ ಮೂಲೇಲಿ ಅವಳು ನಿಂತೇ ಇದ್ಲು.

ಅದನ್ನ ನೋಡಿ ನಾನು ಹೆದರಿದ್ದಕ್ಕಿಂತ ಅತ್ತಿದ್ದು ಜಾಸ್ತಿ. ಮನೇಲಿ ಸಾವಾದ್ಮೇಲೆ ಹದಿಮೂರು ದಿನದ ಕರ್ಮ ಎಲ್ಲ ಮುಗಿಸಿ ನೆಂಟರೆಲ್ಲ ಹೊರಟ್ಮೇಲೆ ಉಳಿಯೋದು ಇರತ್ತಲ್ಲ, ಅದರ ಬಗ್ಗೆ ಯಾರೂ ಮಾತಾಡಲ್ಲ, ಫ್ಯಾಮಿಲಿ ಸಿನಿಮಾದಲ್ಲೂ ಬರಲ್ಲ, ಅಲ್ಲಿ ಫೋಟೋಗೆ ಹಾರ ಹಾಕಿ ಮುಂದಿನ ಸೀನ್‌ಗೆ ಹೋಗ್ತಾರೆ. ಈ ಥರ ಹಾರರಲ್ಲಿ ಮಾತ್ರ ಅದಕ್ಕೆ ಜಾಗ ಇದೆ. ನಾನು ಹುಡ್ಕೊಂಡು ಹೋಗೋದು ಅದಕ್ಕೆ.

ಕತ್ತಲೇ ಬೇಕು ಅಂತಾನೂ ಇಲ್ಲ. 1961ರ 'ದಿ ಇನ್ನೊಸೆಂಟ್ಸ್'ನಲ್ಲಿ ಹಾಡಹಗಲು, ಕೆರೆ ಆಚೆ ಜೊಂಡಿನ ಮಧ್ಯ ಕಪ್ಪು ಬಟ್ಟೆ ಹೆಂಗಸು ಸುಮ್ನೆ ನಿಂತಿರ್ತಾಳೆ. ಮಗು ಪಕ್ಕದಲ್ಲೇ ಆಟ ಆಡ್ತಿದೆ, ಅದಕ್ಕೆ ಕಾಣ್ತಿದ್ಯಾ ಇಲ್ವಾ ಗೊತ್ತಾಗಲ್ಲ. ನಂಗೆ ಆ ಹೆಂಗಸಿಗಿಂತ ಮಗು ಜಾಸ್ತಿ ಭಯ ಆಯ್ತು.

ಡೆಸಿಬಲ್ ದಾಸ

ಆ ಸಿನಿಮಾದಲ್ಲಿ ಕ್ಯಾಮೆರಾಮನ್ ಫ್ರೆಡ್ಡಿ ಫ್ರಾನ್ಸಿಸ್ ಲೆನ್ಸ್ ಫಿಲ್ಟರ್‌ನ ಅಂಚಿಗೆಲ್ಲ ಬಣ್ಣ ಬಳಿದು ಶೂಟ್ ಮಾಡಿದ್ರು ಮೇಡಂ, ಅದಕ್ಕೇ ಫ್ರೇಮಿನ ಎರಡೂ ಬದಿ ಯಾವಾಗ್ಲೂ ಕಪ್ಪು. ಅಷ್ಟು ಅಗಲದ ಸ್ಕ್ರೀನ್ ಇದ್ರೂ ಉಸಿರುಕಟ್ಟೋ ಥರ ಅನ್ಸೋದು ಅದ್ರಿಂದಾನೇ.

ಧಾರವಾಡಿ_ಫೇಡಾ

ಮಲ್ಲಿಗೆ ಅಕ್ಕಾರ, ನೀವು ಹೇಳಿದ್ದು ಮಾತ್ರ ನೋಡ್ಬೇಕು ಅನಸ್ತು, ಉಳಿದವ್ರದು ಇನ್ನೂ ಒಪ್ಪಿಲ್ಲ ನಾ. ಪ್ಯಾರಾ ಬಿಟ್ಬಿಡ್ರಿ ಅಂದ್ರೂ ಪೂರ್ತಿ ಓದಿಬಿಟ್ಟೇನಿ, ಈಗ ನೋಡಿದ್ರ ಹೆದರಿಕಿ ಬರತೈತೋ ಇಲ್ಲೋ ಹೇಳ್ರಿ ಮೊದ್ಲ.

ಮಲ್ಲಿಗೆ ಓದುಗಿ

ಬರತ್ತೆ. ಗೊತ್ತಿದ್ರೆ ಇನ್ನೂ ಜಾಸ್ತಿ, ಯಾಕಂದ್ರೆ ಶುರುವಿಂದ್ಲೇ ಮೂಲೆ ಮೂಲೆ ಹುಡುಕ್ತಾ ಕೂರ್ತೀರ. ಹೆಡ್‌ಫೋನ್ ಹಾಕ್ಕೊಳ್ಳಿ, ಇಲ್ದಿದ್ರೆ ಡೆಸಿಬಲ್ ಅವ್ರ ಶಾಪ ತಟ್ಟತ್ತೆ.

ಜಾಯ್‌ಸ್ಟಿಕ್ ಜಂಗಮ

ಫೇಡಾ ಅಣ್ಣ, ಸಿನಿಮಾ ಆದ್ಮೇಲೆ ಅಮ್ನೀಶಿಯಾ ಅನ್ನೋ ಗೇಮ್ ಟ್ರೈ ಮಾಡು, 2010ರದ್ದು, ಹಳೇ ಲ್ಯಾಪ್‌ಟಾಪಲ್ಲೂ ಓಡತ್ತೆ. ಕೈಲಿ ಒಂದು ಕೋಲೂ ಇರಲ್ಲ. ನೀರು ತುಂಬಿರೋ ನೆಲಮಾಳಿಗೆ ಬರತ್ತೆ, ಅಲ್ಲಿರೋದು ಕಣ್ಣಿಗೆ ಕಾಣಲ್ಲ, ಪಚಕ್ ಪಚಕ್ ಅಂತ ನೀರು ಎಗರೋದು ಮಾತ್ರ ಕಾಣತ್ತೆ, ಡಬ್ಬದಿಂದ ಡಬ್ಬಕ್ಕೆ ಹಾರ್ಕೊಂಡು ದಾಟ್ಬೇಕು. ಅದನ್ನ ದಾಟಿ ಬಂದು ಆಮೇಲೆ ನಿದ್ದೆ ಬಂತು ಅಂತ ಇಲ್ಲಿ ಬರಿ ನೋಡಣ.

ಧಾರವಾಡಿ_ಫೇಡಾ

ಬರೀತೀನಿ. ಹಗಲಾಗ ಆಡಿದ್ರ ನಡೀತೈತಿಲ್ಲೋ?